ಅಕ್ಟೋಬರಿನ ಬಸುರಿ

ಶಾರ್ಕಿಗೆ ಎಲುಬಿಲ್ಲ, ನಾಲಿಗೆಗೂ ಎಲುಬಿಲ್ಲ. ಬಂದರಿನ ಶೆಡ್ಡಿನಲ್ಲಿ ಮೂವತ್ತೊಂದು ವರ್ಷ ಒಂದನ್ನು ಕೊಯ್ದು, ಇನ್ನೊಂದರಿಂದ ಊರವರನ್ನು ಕೊಯ್ದು ಬದುಕಿದವಳು ಚೂರಿಯಕ್ಕ. ಹೆತ್ತವರು ಇಟ್ಟ ಹೆಸರು ಗುರುತಿನ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಸಿಟ್ಟು ಸದಾ ಮೂಗಿನ ತುದಿಯಲ್ಲೇ. ಬೆಳಿಗ್ಗೆ ಐಸಿನವನು ಗಾಡಿ ತಳ್ಳಿಕೊಂಡು ಬಂದು, "ಚೆನ್ನಾಗಿದ್ದೀಯಾ ಅಕ್ಕ?" ಅಂದರೆ, "ಯಾಕೆ, ಸತ್ತೋದೆ ಅಂತ ಯಾರಾದ್ರೂ ಹೇಳಿದ್ರಾ?" ಅನ್ನುವಳು. ಆದರೂ ಅವನು ದಿನಾ ಕೇಳುತ್ತಿದ್ದ. ಬೈಸಿಕೊಳ್ಳದೆ ದಿನ ಶುರುವಾದರೆ ಅವನಿಗೂ ಏನೋ ಕಳೆದುಕೊಂಡಂತೆ.

ಶೆಡ್ಡು ಅಂದರೆ ತಗಡಿನ ಮಾಡು, ಇಳಿಜಾರು ಸಿಮೆಂಟಿನ ನೆಲ, ಗೋಡೆಗುಂಟ ಚರಂಡಿ, ಮೀನು ಕೊಯ್ಯುವ ಮೂರು ಕಲ್ಲು, ಒಂದು ನಲ್ಲಿ. ನಲ್ಲಿಯ ಬಾಯಿಗೆ ಬಟ್ಟೆ ಸುತ್ತಿದ್ದರೂ ಅದು ಸೋರುವುದನ್ನು ಬಿಟ್ಟಿರಲಿಲ್ಲ. ನಲ್ಲಿಯ ಪಕ್ಕದ ಮೊದಲ ಕಲ್ಲು ಚೂರಿಯಕ್ಕನದು. ಉಳಿದೆರಡು ಕಲ್ಲು ಅಣ್ಣತಮ್ಮಂದಿರನ್ನು ಕಟ್ಟಿಕೊಂಡ ಇಬ್ಬರು ಓರಗಿತ್ತಿಯರವು. ಆ ಇಬ್ಬರೂ ದಿನವಿಡೀ ತಮ್ಮತಮ್ಮಲ್ಲೇ ಕಚ್ಚಾಡುತ್ತಾರೆ, ಹೊರಗಿನವರು ಬಾಯಿ ಹಾಕಿದರೆ ಮಾತ್ರ ಒಂದೇ ತಾಯಿಯ ಮಕ್ಕಳಾಗಿಬಿಡುತ್ತಾರೆ.

ಆ ಶೆಡ್ಡಿನ ಕಟ್ಟಳೆ ಹಳೆಯದು. ಮೈ ವ್ಯಾಪಾರಿಗೆ, ರೆಕ್ಕೆ ಬೋಟಿನವನಿಗೆ, ಈಲಿ, ಅಂದರೆ ಲಿವರು, ಎಣ್ಣೆ ಕಾಯಿಸುವವನಿಗೆ. ಹೊಟ್ಟೆಯೊಳಗೆ ಏನು ಸಿಕ್ಕರೂ ಅದು ಕೊಯ್ದವಳಿಗೆ. ಶಾರ್ಕು ಮೊಟ್ಟೆ ಇಡುವ ಜಾತಿಯಲ್ಲ, ಕನಿಷ್ಠ ಆ ಬಂದರಿಗೆ ಬರುವ ಶಾರ್ಕುಗಳಂತೂ ಅಲ್ಲ. ದನದ ಹಾಗೆ ಗಬ್ಬವಾಗಿ ಮರಿ ಹಾಕುತ್ತವೆ. ದಿನ ತುಂಬಿದ ಒಂದು ಬಸುರಿ ಸಿಕ್ಕರೆ ನಾಲ್ಕೋ ಆರೋ ಮರಿ, ಮೊಣಕೈಯುದ್ದ, ಮೆತ್ತನೆ ಮಾಂಸ. ಬುಟ್ಟಿ ತುಂಬಿಕೊಂಡು ಓಣಿಗೆ ಹೋದರೆ ಅರ್ಧ ಗಂಟೆಯಲ್ಲಿ ಖಾಲಿ. ತಾಯಿ ತೀರಿಕೊಂಡಾಗ ನಾಲ್ಕು ವರ್ಷದವನಾಗಿದ್ದ ತಮ್ಮನನ್ನು ಚೂರಿಯಕ್ಕ ಸಾಕಿದ್ದು ಈ ಮರಿಗಳಿಂದಲೇ. ಗಂಡ ಅನ್ನಿಸಿಕೊಂಡವನು ಹಡಗಿನ ಕೆಲಸ ಅಂತ ಹೋದವನು ಒಂದು ಕಾಗದವನ್ನೂ ಹಾಕಲಿಲ್ಲ. ಅವನ ಮಾತು ಬಂದರೆ ಅವಳು ಚರಂಡಿಗೆ ಉಗಿದು ಕೆಲಸ ಮುಂದುವರಿಸುತ್ತಿದ್ದಳು.

ತಮ್ಮ ಬೆಳೆದ, ಮದುವೆಯಾದ, ಬೋಟು ಮಾಡಿದ. ಶೆಡ್ಡಿನಲ್ಲಿ ಬೋಟಿಲ್ಲದೆ ಕಲ್ಲಿಲ್ಲ. ಯಾವ ಬೋಟಿನ ಮೀನು ಯಾವ ಕಲ್ಲಿಗೆ ಅನ್ನುವುದು ಗಂಡಹೆಂಡಿರ ಸಂಬಂಧದಷ್ಟು ಗಟ್ಟಿ. ತಮ್ಮನ ಬೋಟು ನೀರಿನಲ್ಲಿದ್ದಷ್ಟು ದಿನ ಅಕ್ಕನ ಕಲ್ಲು ಒದ್ದೆ.

ಓದು ಬರಹ ಅವಳಿಗೆ ಅಷ್ಟಕ್ಕಷ್ಟೆ, ಆದರೆ ತಲೆಯಲ್ಲಿ ಪಂಚಾಂಗವೇ ಇತ್ತು. ಫೆಬ್ರವರಿ ಹುಟ್ಟಿದರೆ ಬಸುರಿಗಳು ಮರಿ ಹಾಕಲು ದಡದ ಕಡೆ ಬರುತ್ತವೆ, ಮಾರ್ಚ್ ಮುಗಿದರೆ ಹೊರಟುಹೋಗುತ್ತವೆ. ಅಕ್ಟೋಬರ್, ನವೆಂಬರಿನಲ್ಲಿ ಬರುವುದು ಗಂಡುಗಳ ಹಿಂಡು. ಬೋಟಿನವರಿಗೆ ಅದೇ ಸುಗ್ಗಿ. ಕೊಯ್ಯುವವಳಿಗೆ ಮಾತ್ರ ಆ ಎರಡು ತಿಂಗಳು ಬರಿಗೈ. ಗಂಡಿನ ಹೊಟ್ಟೆಯಲ್ಲಿ ಅರೆಕರಗಿದ ಸಣ್ಣ ಮೀನು ಬಿಟ್ಟರೆ ಏನಿರುತ್ತದೆ, ಮಣ್ಣು!

ಹೀಗೆ ನಡೆಯುತ್ತಿದ್ದ ಬದುಕಿಗೆ ಮೀನುಗಾರಿಕೆ ಇಲಾಖೆ ಕಾಲಿಟ್ಟಿತು. ಶಾರ್ಕುಗಳು ಕಡಿಮೆಯಾಗುತ್ತಿವೆಯಂತೆ, ಹೀಗೇ ಹೋದರೆ ಮುಗಿದೇಹೋಗುತ್ತವಂತೆ. ಹರಾಜು ಕಟ್ಟೆಯ ಬೋರ್ಡಿಗೆ ಕಾಗದ ಅಂಟಿತು. ಇಂಥಿಂಥ ಜಾತಿಯನ್ನು ಮುಟ್ಟಲೇಬಾರದು. ಉಳಿದವನ್ನು ತರಬಹುದು, ಆದರೆ ಇಲಾಖೆಯವರು ಅಳೆದು ಬರೆದುಕೊಳ್ಳುವ ತನಕ ಮೈಯಿಂದ ರೆಕ್ಕೆ ಬೇರೆಯಾಗಿರಬಾರದು. ಸಮುದ್ರದಲ್ಲೇ ರೆಕ್ಕೆ ಕೊಯ್ದುಕೊಂಡು ಮೈಯನ್ನು ನೀರಿಗೆ ಎಸೆಯುವವರಿದ್ದಾರಲ್ಲ, ಅವರಿಗಾಗಿ ಮಾಡಿದ ಕಾನೂನು ಅದು. ಆ ಕಾನೂನನ್ನು ನೋಡಿಕೊಳ್ಳಲು ಒಬ್ಬಳು ಹುಡುಗಿ ಬಂದಳು. ಮೊಣಕಾಲವರೆಗೆ ರಬ್ಬರ್ ಬೂಟು, ಕಂಕುಳಲ್ಲಿ ಒಂದು ಪುಸ್ತಕ, ಕೊರಳಲ್ಲಿ ದರ್ಜಿಯವರ ಥರ ಒಂದು ಟೇಪು. ಮಧ್ಯಾಹ್ನದೊಳಗೆ ಬಂದರು ಅವಳಿಗೆ ಟೇಪಮ್ಮ ಅಂತ ನಾಮಕರಣ ಮಾಡಿ ಮುಗಿಸಿತ್ತು.

ಮೇ ತಿಂಗಳ ಒಂದು ಬೆಳಿಗ್ಗೆ ತಮ್ಮನ ಬೋಟಿನಿಂದ ಮೂರು ಶಾರ್ಕು ಇಳಿದವು. ಬೆನ್ನಿನ ರೆಕ್ಕೆ ಇದ್ದರೆ ಮೀನು ಕಲ್ಲಿನ ಮೇಲೆ ಅಂಗಾತ ನಿಲ್ಲದೆ ಹೊರಳುತ್ತದೆ. ಅದಕ್ಕೇ ಚೂರಿಯಕ್ಕನ ಮೊದಲ ಏಟು ಯಾವತ್ತೂ ಅಲ್ಲಿಗೇ. ಕೈಗೆ ಕಾನೂನು ಗೊತ್ತಿರುತ್ತದೆಯೇ? ಟೇಪಮ್ಮ "ಅಕ್ಕ, ನಿಲ್ಲಿ!" ಅನ್ನುವಷ್ಟರಲ್ಲಿ ಮೂರು ರೆಕ್ಕೆಯೂ ಬಕೆಟ್ಟಿನಲ್ಲಿದ್ದವು.

"ಅಳತೆ ಆಗೋ ಮುಂಚೆ ಕೊಯ್ಯಬಾರ್ದು ಅಂತ ಬೋರ್ಡಲ್ಲಿ ಹಾಕಿದೆಯಲ್ಲ."

"ಮೀನು ಇಲ್ಲೇ ಇದೆ, ರೆಕ್ಕೆ ಇಲ್ಲೇ ಇದೆ. ಬೇಕಾದ್ರೆ ಸೂಜಿ ದಾರ ತಗೊಂಡು ಬಾ, ಹೊಲ್ದುಕೊಡ್ತೀನಿ. ಟೇಪಂತೂ ತಂದಿದ್ದೀಯ."

ಶೆಡ್ಡು ಗೊಳ್ಳೆಂದು ನಕ್ಕಿತು. ಟೇಪಮ್ಮನ ಕಿವಿ ಕೆಂಪಾಯಿತು. ಹೊಸ ಕೆಲಸ, ಎಳೆ ವಯಸ್ಸು, ಎದುರಿಗೆ ಜನ. ಬಗ್ಗಿದರೆ ನಾಳೆಯಿಂದ ತಲೆ ಮೇಲೆ ಕೂರುತ್ತಾರೆ ಅಂದುಕೊಂಡಳೋ ಏನೋ, ಅಲ್ಲೇ ಚೀಟಿ ಹರಿದು ಕೊಟ್ಟಳು. ಏಳು ದಿನ ಚೂರಿಯಕ್ಕ ಕಲ್ಲು ಮುಟ್ಟುವಂತಿಲ್ಲ.

ಏಳು ದಿನವೂ ಚೂರಿಯಕ್ಕ ಶೆಡ್ಡಿನ ಬಾಗಿಲಲ್ಲಿ ಕ್ರೇಟು ಕವುಚಿ ಹಾಕಿಕೊಂಡು ಕೂತಿದ್ದಳು. ಅವಳ ಕಲ್ಲಿನ ಮೇಲೆ, ಅವಳ ತಮ್ಮನ ಮೀನನ್ನು, ದೊಡ್ಡ ಓರಗಿತ್ತಿ ಸೊಪ್ಪು ಹೆಚ್ಚಿದ ಹಾಗೆ ಹೆಚ್ಚುತ್ತಿದ್ದಳು. ಮೂವತ್ತೊಂದು ವರ್ಷದಲ್ಲಿ ಜ್ವರ ಬಂದರೂ ಬಿಟ್ಟುಕೊಡದ ಕಲ್ಲು. ಆ ಅವಮಾನದ ಉರಿ ಏಳು ದಿನಕ್ಕೆ ಆರುವಂಥದ್ದಲ್ಲ, ಅದು ಅವಳಿಗೂ ಗೊತ್ತಿತ್ತು.

ಜುಲೈಯಲ್ಲಿ ಅದೇ ಟೇಪಮ್ಮ ನಗುಮುಖ ಮಾಡಿಕೊಂಡು ಬಂದಳು. ಕೈಯಲ್ಲಿ ಅಚ್ಚು ಹಾಕಿದ ಅರ್ಜಿಗಳು. ಶಾರ್ಕುಗಳು ಮರಿ ಹಾಕುವ ಎರಡು ತಿಂಗಳು ಹಿಡಿಯುವುದನ್ನು ನಿಲ್ಲಿಸಬೇಕು ಅಂತ ಮೇಲಿನವರ ತೀರ್ಮಾನವಂತೆ. ಆದರೆ ಆ ಎರಡು ತಿಂಗಳು ಯಾವುವು? ಇಲಾಖೆಗೆ ಗೊತ್ತಿಲ್ಲ. ಟೇಪಮ್ಮ ಬಂದು ಮೂರು ತಿಂಗಳೂ ಆಗಿಲ್ಲ, ಆದೇಶ ಸೆಪ್ಟೆಂಬರಿನಲ್ಲಿ ಹೊರಡಬೇಕು. ಯಾರನ್ನು ಕೇಳಿದರೂ ಒಂದೇ ಉತ್ತರ. ಹೊಟ್ಟೆಯ ಸಮಾಚಾರ ಚೂರಿಯಕ್ಕನನ್ನು ಕೇಳಿ.

"ಅಕ್ಕ, ಮೇ ತಿಂಗಳದ್ದು ಮನಸ್ಸಲ್ಲಿ ಇಟ್ಕೋಬೇಡಿ. ನಿಮ್ಮಷ್ಟು ಅನುಭವ ಇಡೀ ಬಂದರಲ್ಲಿ ಯಾರಿಗೂ ಇಲ್ಲ ಅಂತಾರೆ. ಬಸುರಿ ಶಾರ್ಕು ಜಾಸ್ತಿ ಬರೋದು ಯಾವ ತಿಂಗಳು?"

ಚೂರಿಯಕ್ಕ ಚೂರಿ ಒರೆಸಿದಳು. ನಿಜ ಹೇಳಿದರೆ ಫೆಬ್ರವರಿ, ಮಾರ್ಚಿಗೆ ಬೀಗ, ಅವಳ ಬುಟ್ಟಿಗೆ ಮಣ್ಣು. ಅದೊಂದು ಕಾರಣ. ಆದರೆ ಅದಕ್ಕಿಂತ ಮುಂಚೆ ನಾಲಿಗೆಯ ತುದಿಗೆ ಬಂದು ಕೂತಿದ್ದು ಬಾಗಿಲ ಬಳಿಯ ಆ ಕ್ರೇಟು.

"ಅಕ್ಟೋಬರು, ನವೆಂಬರು," ಅಂದಳು.

ಚಿಕ್ಕ ಓರಗಿತ್ತಿಗೆ ಕೆಮ್ಮು ಬಂತು. ದೊಡ್ಡವಳು ತಲೆ ಎತ್ತಲಿಲ್ಲ.

"ಖಂಡಿತವಾ ಅಕ್ಕ?"

"ಮೂವತ್ತೊಂದು ವರ್ಷದಿಂದ ಹೊಟ್ಟೆ ಸೀಳ್ತಿದ್ದೀನಿ, ನಂಗೆ ಗೊತ್ತಿರಲ್ವಾ? ಅಕ್ಟೋಬರಲ್ಲಿ ಒಂದೊಂದ್ರ ಹೊಟ್ಟೇಲೂ ಆರಾರು ಮರಿ. ಬೇಕಾದ್ರೆ ಇವ್ರನ್ನೇ ಕೇಳು."

"ಅಕ್ಕ ಹೇಳಿದ್ಮೇಲೆ ಮುಗೀತು," ಅಂದರು ಓರಗಿತ್ತಿಯರು, ಒಂದೇ ಸ್ವರದಲ್ಲಿ. ಅವರ ಬುಟ್ಟಿಗೂ ಫೆಬ್ರವರಿ ಬೇಕಿತ್ತಲ್ಲ.

ಟೇಪಮ್ಮ ಚೊಕ್ಕವಾಗಿ ಬರೆದುಕೊಂಡಳು. ಕೆಳಗೆ ಚೂರಿಯಕ್ಕನ ಸಹಿ ಹಾಕಿಸಿಕೊಂಡಳು. ಹೋಗುವಾಗ, "ತುಂಬಾ ಉಪಕಾರ ಆಯ್ತು," ಅಂದಳು ಬೇರೆ. ಅವಳ ಬೂಟಿನ ಸದ್ದು ದೂರವಾದ ಮೇಲೆ ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ಆ ಗಾದೆಗೆ ಇಷ್ಟು ದಿನಕ್ಕೆ ಬೂಟು ಹಾಕಿಕೊಂಡು ಒಬ್ಬಳು ಬಂದಿದ್ದಳು.

ಒಂದು ಮಾತು ಇಲ್ಲಿ ಹೇಳಲೇಬೇಕು. ತನ್ನ ಮಾತಿನಿಂದ ಏನಾದರೂ ಆದೀತು ಅಂತ ಚೂರಿಯಕ್ಕ ಕನಸಿನಲ್ಲೂ ಎಣಿಸಿರಲಿಲ್ಲ. ಶೆಡ್ಡಿಗೆ ಎರಡನೇ ನಲ್ಲಿ ಬೇಕು ಅಂತ ಹದಿನೈದು ವರ್ಷ ಅರ್ಜಿ ಕೊಟ್ಟಿದ್ದರು. ಚರಂಡಿ ಕಟ್ಟಿಕೊಂಡಿದೆ ಅಂತ ಗಂಟಲು ಹರಿದುಕೊಂಡಿದ್ದರು. ಒಂದನ್ನಾದರೂ ಇಲಾಖೆ ಕಿವಿಗೆ ಹಾಕಿಕೊಂಡಿತ್ತೇ? ಕಾಗದ ಕಪಾಟಿಗೆ, ಕಪಾಟು ಗೆದ್ದಲಿಗೆ, ಇಷ್ಟೇ ಅವಳು ಕಂಡಿದ್ದು. ಅಂಥ ಇಲಾಖೆ ಮೂವತ್ತೊಂದು ವರ್ಷದಲ್ಲಿ ಅವಳ ಒಂದೇ ಒಂದು ಮಾತನ್ನು ನಂಬಿತು. ನಂಬಿದ್ದು ಸುಳ್ಳನ್ನು.

ಸೆಪ್ಟೆಂಬರಿನಲ್ಲಿ ಬೋರ್ಡಿಗೆ ಆದೇಶ ಬಂತು. ಹರಾಜು ಕೂಗುವವನು ಅದನ್ನೂ ಹರಾಜಿನ ರಾಗದಲ್ಲೇ ಓದಿದ. "ಸ್ಥಳೀಯ ಅನುಭವಿಗಳ ಹೇಳಿಕೆಯ ಆಧಾರದ ಮೇಲೆ, ಶಾರ್ಕು ಮರಿ ಹಾಕುವ ಅಕ್ಟೋಬರ್ ಮತ್ತು ನವೆಂಬರ್ ತಿಂಗಳಲ್ಲಿ ಹಿಡಿಯುವುದು, ಇಳಿಸುವುದು, ಮಾರುವುದು ನಿಷೇಧ." ಅವನು ಓದಿ ಮುಗಿಸುತ್ತಲೇ ಎದ್ದ ಗದ್ದಲಕ್ಕೆ ಹಕ್ಕಿಗಳೂ ಹಾರಿಹೋದವು.

"ಅಕ್ಟೋಬರಲ್ಲಿ ಮರಿಯಾ?" ತಮ್ಮ ಕೂಗಿದ. "ಯಾವ ಅನುಭವಿ ಕಣೋ ಅವ್ನು? ಗಂಡಸರಿಗೆ ಹೆರಿಗೆ ಮಾಡಿಸೋನಾ?"

ಬೋಟಿನವರು ಕಚೇರಿಗೆ ನುಗ್ಗಿದರು. ಟೇಪಮ್ಮ ಬಾಗಿಲಲ್ಲಿ ನಿಂತು ಹೇಳಿದಳು, ಹೇಳಿಕೆ ಕೊಟ್ಟವರ ಹೆಸರನ್ನು ತಾನು ಹೊರಗೆ ಹೇಳುವ ಹಾಗಿಲ್ಲ. ಅಲ್ಲಿಗೆ ಬಂದರು ತೀರ್ಮಾನ ಮಾಡಿತು, ಅನುಭವಿಯೂ ಇಲ್ಲ ಗಿನುಭವಿಯೂ ಇಲ್ಲ, ಇದೆಲ್ಲ ಇವಳೇ ಹೊಸೆದ ಕಥೆ. ಚೂರಿಯಕ್ಕನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ, ಸ್ವಂತ ತಮ್ಮನ ಬೋಟನ್ನು ಯಾರಾದರೂ ಕಟ್ಟಿಹಾಕಿಸುತ್ತಾರೆಯೇ?

ಆ ಅಕ್ಟೋಬರನ್ನು ಟೇಪಮ್ಮ ಹೇಗೆ ಕಳೆದಳೋ ದೇವರಿಗೇ ಗೊತ್ತು. ಅವಳ ಸ್ಕೂಟರಿನ ಸೀಟನ್ನು ಯಾರೋ ಉದ್ದಕ್ಕೆ ಸೀಳಿ ಒಳಗೆ ಮೀನಿನ ಕರುಳು ತುಂಬಿದರು. ಹೋಟೆಲಿನವನು ಟೀ ಕೊಡಲಿಲ್ಲ. ಬಾಡಿಗೆ ಮನೆಯವರು ಜಾಗ ಖಾಲಿ ಮಾಡು ಅಂದರು. ಶೆಡ್ಡಿನ ಮುಂದೆ ಹಾದರೆ ಗಂಡಸರು ಹೊಟ್ಟೆ ಮುಂದೆ ಮಾಡಿಕೊಂಡು, "ಅಯ್ಯೋ ಮೇಡಂ, ನೋವು ಶುರುವಾಯ್ತು," ಅಂತ ನರಳುತ್ತಿದ್ದರು. ಇದನ್ನೆಲ್ಲ ಚೂರಿಯಕ್ಕ ಕಣ್ಣಾರೆ ಕಂಡಳು. ಒಂದು ಸಲ ತಾನೂ ಒಂದು ಮಾತು ಸೇರಿಸಿದಳು. ಸುಮ್ಮನಿದ್ದರೆ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡಂತೆ ಆದೀತಲ್ಲ.

ಆದರೆ ಕಟ್ಟಿಹಾಕಿದ ಬೋಟು ಟೇಪಮ್ಮನದಲ್ಲ, ತಮ್ಮನದು. ಗಂಡುಗಳ ಹಿಂಡು ದಡಕ್ಕೆ ಎಷ್ಟು ಹತ್ತಿರ ಬಂದು ಹೋಯಿತೆಂದರೆ, ಅವನು ಹಗ್ಗ ಕಟ್ಟಿದ ಬೋಟಿನಲ್ಲಿ ಕೂತು ಅವುಗಳ ಬೆನ್ನನ್ನು ನೋಡುತ್ತಿದ್ದ. ಆಳುಗಳು ಬೇರೆ ಬಂದರಿಗೆ ಹೋದರು. ದೊಡ್ಡ ಬೋಟು, ದೊಡ್ಡ ಗಾಳದ ಹಗ್ಗ, ಎಲ್ಲ ಶಾರ್ಕಿಗೆಂದೇ ಮಾಡಿಸಿದ್ದು. ಸಣ್ಣ ಮೀನಿಗೆ ಅದನ್ನು ಇಳಿಸಿದರೆ ಎಣ್ಣೆಯ ಖರ್ಚೂ ಹುಟ್ಟದು.

ಫೆಬ್ರವರಿ ಬಂತು. ಅಕ್ಟೋಬರ್ ಕಳೆದುಕೊಂಡ ಬೋಟುಗಳು ಹುಚ್ಚು ಹಿಡಿದವರ ಹಾಗೆ ನೀರಿಗೆ ಬಿದ್ದವು. ತಡೆಯಲು ಆದೇಶವಿಲ್ಲ. ಶೆಡ್ಡಿನ ನೆಲದಲ್ಲಿ ಕಾಲಿಡಲು ಜಾಗವಿಲ್ಲದಂತೆ ಬಸುರಿಗಳು ಬಿದ್ದವು. ಚೂರಿಯಕ್ಕನ ಬುಟ್ಟಿ ತುಂಬಿತು, ಬಕೆಟ್ಟು ತುಂಬಿತು, ಕ್ರೇಟು ತುಂಬಿತು. ಓಣಿಯವರು, "ಸಾಕು ಮಾರಾಯ್ತಿ, ದಿನಾ ಇದೇ ತಿನ್ನೋಕಾಗುತ್ತಾ?" ಅಂದರು. ಉಳಿದ ಮರಿಗಳು ಚರಂಡಿಗೆ ಹೋದವು. ಇವಳ ಕಣ್ಣಲ್ಲಿ ಆಗ ನೀರು ಬಂತು ಅಂತ ಬರೆದರೆ ನಾನೂ ಒಬ್ಬ ಸುಳ್ಳುಗಾರನಾಗುತ್ತೇನೆ. ಬರಲಿಲ್ಲ. ಆದರೆ ಒಂದು ಮರಿ ಕಲ್ಲಿನ ಮೇಲೆ ಬಿದ್ದು ಬಾಲ ಬಡಿದಾಗ, ಇನ್ನು ಎರಡು ದಿನ ಬಿಟ್ಟಿದ್ದರೆ ಇದು ನೀರಿನಲ್ಲಿ ಇರುತ್ತಿತ್ತು ಅನ್ನುವ ಲೆಕ್ಕ ಮಾತ್ರ ತಲೆಗೆ ಬಂತು. ಎಲ್ಲರೂ ಹೀಗೆ ಕಿತ್ತರೆ ಮುಂದೆ ಕೊಯ್ಯುವುದು ಏನನ್ನು?

ಟೇಪಮ್ಮ ಬಂದು ಕಲ್ಲಿನ ಎದುರು ನಿಂತಳು. ಟೇಪು ಬಿಚ್ಚಲಿಲ್ಲ. ಮರಿಗಳನ್ನು ಎಣಿಸಿದಳು, ಬಾಯಿ ಬಿಟ್ಟು ಎಣಿಸಿದಳು, ಮೂರೂ ಕಲ್ಲಿಗೆ ಕೇಳುವ ಹಾಗೆ. ಆರು.

"ಅಕ್ಕ, ಇದು ಫೆಬ್ರವರಿ."

"ನಂಗೂ ಕ್ಯಾಲೆಂಡರ್ ನೋಡೋಕೆ ಬರುತ್ತೆ."

"ನೀವು ನನಗೆ ಸುಳ್ಳು ಹೇಳಿದ್ರಿ."

"ನೀನು ನನ್ನನ್ನ ಕಲ್ಲಿಂದ ಎಬ್ಬಿಸಿದೆ. ಸರಿಗೆ ಸರಿ ಹೋಯ್ತು."

ಟೇಪಮ್ಮ ಅವಳ ಮುಖವನ್ನೇ ನೋಡಿದಳು. ಮೇ ತಿಂಗಳಲ್ಲಿ ಕೆಂಪಾಗುತ್ತಿದ್ದ ಕಿವಿಗಳು ಈಗ ಕೆಂಪಾಗಲಿಲ್ಲ. "ನಾನು ಏಳು ದಿನ ಎಬ್ಬಿಸಿದ್ದು," ಅಂದಳು, "ನೀವು ಎಷ್ಟು ಜನರನ್ನ, ಎಷ್ಟು ದಿನ ಎಬ್ಬಿಸಿದ್ರಿ ಅಂತ ನಿಮಗೇ ಗೊತ್ತಿಲ್ಲ."

ಅವಳು ಮೇಲಿನವರಿಗೆ ಬರೆದಳು. ಮೇಲಿನವರು ಮೇಲಿನವರ ಹಾಗೇ ಉತ್ತರ ಕೊಟ್ಟರು. ಮೂವತ್ತೊಂದು ವರ್ಷದ ಅನುಭವಿಯ ಸಹಿ ಇರುವ ಹೇಳಿಕೆಯನ್ನು ಒಂದು ತಿಂಗಳ ಎಣಿಕೆಯಿಂದ ತಳ್ಳಿಹಾಕಲು ಬರುವುದಿಲ್ಲ. ಹೇಳಿಕೆ ತಪ್ಪಾಗಿದ್ದರೆ ಕೊಟ್ಟವರೇ ಆಗಸ್ಟಿನ ಬಹಿರಂಗ ಸಭೆಗೆ ಬಂದು ಹಿಂತೆಗೆದುಕೊಳ್ಳಬೇಕು. ಇಲ್ಲದಿದ್ದರೆ ಆದೇಶ ಇದ್ದಂತೆಯೇ ಮುಂದುವರಿಯುತ್ತದೆ. ಆ ಕಾಗದವನ್ನು ಟೇಪಮ್ಮ ತಂದು ಚೂರಿಯಕ್ಕನಿಗೆ ಓದಿ ಹೇಳಿದಳು. ಬೇಡಿಕೊಳ್ಳಲಿಲ್ಲ.

"ನನ್ನ ಕೈಯಿಂದಲೇ ನನ್ನ ಹೊಟ್ಟೆಗೆ ಚೂರಿ ಹಾಕಿಸ್ಬೇಕು ಅಂತಿದ್ದೀಯಲ್ಲ, ಭಲೇ," ಅಂದಳು ಚೂರಿಯಕ್ಕ. "ಹೋಗು ಹೋಗು, ದಾರಿ ನೋಡ್ಕೋ."

ಸಭೆಗೆ ಎಂಟು ದಿನ ಇರುವಾಗ ತಮ್ಮನ ಹೆಂಡತಿ ಊಟಕ್ಕೆ ಕರೆದಳು. ಊಟದ ಮನೆ ಚಿಕ್ಕದು, ಕಿಟಕಿಯ ಹೊರಗೆ ಒಣಹಾಕಿದ ಬಲೆ, ಗೋಡೆಯ ಮೇಲೆ ಬೋಟು ನೀರಿಗಿಳಿದ ದಿನದ ಫೋಟೋ. ಫೋಟೋದಲ್ಲಿ ಚೂರಿಯಕ್ಕ ನಗುತ್ತಿದ್ದಳು. ಅದು ಅವಳು ನಗುವ ಒಂದೇ ಫೋಟೋ. ತಮ್ಮ ತಟ್ಟೆ ನೋಡುತ್ತಾ ಹೇಳಿದ, "ಅಕ್ಕ, ಬೋಟು ಮಾರ್ತಿದ್ದೀನಿ. ಇನ್ನೊಂದು ಅಕ್ಟೋಬರ್ ಹೀಗೆ ಕೂತ್ರೆ ಮಾರೋಕೂ ಏನೂ ಉಳಿಯಲ್ಲ."

"ಅತ್ತಿಗೆ, ನೀವಾದ್ರೂ ಹೇಳಿ," ಅಂದಳು ಅವನ ಹೆಂಡತಿ. "ಬೋಟು ಹೋದ್ರೆ ಇವರು ಬೇರೆಯವ್ರ ಬೋಟಲ್ಲಿ ಆಳಾಗಿ ಹೋಗ್ತಾರಾ, ಇಷ್ಟು ವರ್ಷ ಸ್ವಂತ ಬೋಟು ನಡೆಸಿ?"

"ಇನ್ನೇನ್ ಮಾಡ್ಲಿ?" ತಮ್ಮ ತಟ್ಟೆಯನ್ನು ತಳ್ಳಿದ. "ಅವಳ ಕಿವಿಗೆ ಅಕ್ಟೋಬರ್ ಅಂತ ಯಾರು ಊದಿದ್ರೋ, ಆ ನಾಲಿಗೆಗೆ ಹುಳ ಬೀಳ್ಲಿ. ಅವರ ಮನೆ ಹಾಳಾಗ್ಲಿ. ಅನ್ನ ಸಿಗದೆ ಸಾಯ್ಲಿ."

ಚೂರಿಯಕ್ಕನ ಬಾಯಲ್ಲಿ ತುತ್ತು ಇತ್ತು. ಇವನು ನಾಲ್ಕು ವರ್ಷದವನಿದ್ದಾಗ ಮೊದಲು ಮುಳ್ಳು ತೆಗೆದು, ತುತ್ತು ಮಾಡಿ ಇದೇ ಕೈಯಿಂದ ಬಾಯಿಗೆ ಇಟ್ಟಿದ್ದಳು. ಅವನ ಬಾಯಿಂದಲೇ ಶಾಪ. ಅವನಿಗೆ ಗೊತ್ತಿಲ್ಲದೆ ಹಾಕಿದ್ದು, ನಿಜ. ಆದರೆ ಗೊತ್ತಿಲ್ಲದೆ ಹಾಕಿದ ಶಾಪವೇ ಗಟ್ಟಿ, ಅದರಲ್ಲಿ ದಾಕ್ಷಿಣ್ಯ ಬೆರೆತಿರುವುದಿಲ್ಲ.

ಎಂಟು ದಿನ ಅವಳು ಯಾರನ್ನೂ ಬೈಯಲಿಲ್ಲ. ಐಸಿನವನು ಹೆದರಿ, "ಡಾಕ್ಟರಿಗೆ ತೋರಿಸ್ದೆಯಾ ಅಕ್ಕ?" ಅಂದ. ಅವಳ ಲೆಕ್ಕ ನೇರವಾಗಿತ್ತು. ಬಾಯಿ ಮುಚ್ಚಿಕೊಂಡರೆ ತಮ್ಮನ ಬೋಟು ಹೋಗುತ್ತದೆ, ಬೋಟಿನ ಹಿಂದೆ ಕಲ್ಲೂ ಹೋಗುತ್ತದೆ. ಆದರೆ ತಮ್ಮ ಉಳಿಯುತ್ತಾನೆ. ಬಾಯಿ ಬಿಟ್ಟರೆ ಬೋಟು ಉಳಿಯುತ್ತದೆ. ತಮ್ಮ ಉಳಿಯುತ್ತಾನೋ ಇಲ್ಲವೋ ಹೇಳಲಾಗದು.

ಸಭೆ ಹರಾಜು ಕಟ್ಟೆಯಲ್ಲೇ. ಪ್ಲಾಸ್ಟಿಕ್ ಕುರ್ಚಿಗಳು, ಒಂದು ಮೇಜು, ಕಿರುಚುವ ಮೈಕು. ಮೇಲಿನ ಕಚೇರಿಯಿಂದ ಬಂದ ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದು ಕೂತಿದ್ದರು. ಪಕ್ಕದಲ್ಲಿ ಟೇಪಮ್ಮ. ಬೋಟಿನವರು ಒಬ್ಬೊಬ್ಬರೇ ಎದ್ದು ಕೂಗಾಡಿದರು. ಸಾಹೇಬರು ಒಂದೇ ಮಾತು ಹೇಳಿದರು, ಹಿಂದಿನ ಹೇಳಿಕೆಯನ್ನು ಕೊಟ್ಟವರು ಹಿಂತೆಗೆದುಕೊಂಡರೆ ಮಾತ್ರ ಬದಲಾವಣೆ. ಇಲ್ಲಿದ್ದಾರೆಯೇ?

ಓರಗಿತ್ತಿಯರು ನೆಲ ನೋಡಿದರು. ಚೂರಿಯಕ್ಕ ಎದ್ದಳು.

"ಇದ್ದೀನಿ. ಅಕ್ಟೋಬರ್ ಅಂದೋಳು ನಾನೇ. ಬೇಕಂತಲೇ ಅಂದೆ. ಬಸುರಿಗಳು ಬರೋದು ಫೆಬ್ರವರಿ, ಮಾರ್ಚಲ್ಲಿ. ಬರ್ಕೊಳ್ಳಿ. ಆ ಎರಡು ತಿಂಗಳು ಮುಚ್ಚಿ, ಅಕ್ಟೋಬರ್ ಬಿಟ್ಟುಕೊಡಿ."

"ಯಾಕೆ ಹಾಗೆ ಹೇಳಿದ್ರಿ?" ಸಾಹೇಬರು ಕೇಳಿದರು.

"ಹದಿನೈದು ವರ್ಷ ನಿಜ ಹೇಳಿದ್ದೆ. ಒಂದನ್ನೂ ನೀವು ಬರ್ಕೊಳ್ಲಿಲ್ಲ. ಸುಳ್ಳನ್ನ ಬರ್ಕೋತೀರಿ ಅಂತ ನಂಗೇನು ಗೊತ್ತು?"

ಬೇರೆ ದಿನವಾಗಿದ್ದರೆ ಬಂದರು ಇದಕ್ಕೆ ಚಪ್ಪಾಳೆ ತಟ್ಟುತ್ತಿತ್ತು. ಈವತ್ತು ಹಿಂದಿನಿಂದ ಒಂದು ಚಪ್ಪಲಿ ಬಂದು ಅವಳ ಭುಜಕ್ಕೆ ತಾಗಿತು. "ಮನೆಮುರುಕಿ!" ಅಂತ ಯಾರೋ ಕೂಗಿದರು. ಹರಾಜಿನವನು, ಐಸಿನವನು, ಎಣ್ಣೆ ಕಾಯಿಸುವವನು, ಯಾರ ಬಾಯಲ್ಲಿ ಏನು ಬಂತೋ ಅದು. ಓರಗಿತ್ತಿಯರು ಎಲ್ಲರಿಗಿಂತ ಜೋರಾಗಿ ಕೂಗಿದರು, ಅವರಿಗೆ ಆ ಅಗತ್ಯ ಇತ್ತು. ಚೂರಿಯಕ್ಕ ಯಾರ ಕಡೆಗೂ ತಿರುಗಲಿಲ್ಲ, ತಮ್ಮನನ್ನೇ ನೋಡುತ್ತಿದ್ದಳು.

ತಮ್ಮ ಎದ್ದು ಬಂದ. ಜನ ದಾರಿ ಬಿಟ್ಟರು. ಹೊಡೆಯುತ್ತಾನೆ ಅಂದುಕೊಂಡರು. ಹೊಡೆಯಲಿ ಅಂತ ಅವಳೂ ಅಂದುಕೊಂಡಳು.

"ನಾನು ಆ ಬೋಟಲ್ಲಿ ಎರಡು ತಿಂಗಳು ಕೂತಿದ್ನಲ್ಲ. ಆವಾಗ ನೀನು ದಿನಾ ಬಂದು, ಊಟ ಮಾಡೋ ಅಂತ ಬುತ್ತಿ ಕೊಟ್ಟು ಹೋಗ್ತಿದ್ದೆ. ಆವಾಗ್ಲೂ ಗೊತ್ತಿತ್ತಾ?"

"ಗೊತ್ತಿತ್ತು ಕಣೋ."

ಅವನು, "ಸರಿ. ನೀವು ಕೂತ್ಕೊಳ್ಳಿ," ಅಂದು ಹೊರಟುಹೋದ.

ಹುಟ್ಟಿದಾಗಿನಿಂದ ಅವನು ಅವಳಿಗೆ ನೀನು ಅಂದವನು. ಜಗಳದಲ್ಲೂ ನೀನು, ಜ್ವರದಲ್ಲೂ ನೀನು. ಆ ಬಹುವಚನ ಬಿದ್ದ ಜಾಗ ಚಪ್ಪಲಿ ಬಿದ್ದ ಜಾಗದಷ್ಟು ಕೆಂಪಾಗಲಿಲ್ಲ, ಆದರೆ ಅದರ ನೋವು ಇವತ್ತಿಗೂ ಇಳಿದಿಲ್ಲ.

ಆದೇಶ ಬದಲಾಯಿತು. ಫೆಬ್ರವರಿ, ಮಾರ್ಚ್ ಬಂದ್, ಅಕ್ಟೋಬರ್, ನವೆಂಬರ್ ಮುಕ್ತ. ಬೋಟಿನವರು ಪಟಾಕಿ ಹೊಡೆದರು. ಬೋಟು ಕೊಳ್ಳಲು ಬಂದವನನ್ನು ತಮ್ಮ ವಾಪಸು ಕಳಿಸಿದ. ಯಾರೂ ಚೂರಿಯಕ್ಕನ ಹೆಸರು ಎತ್ತಲಿಲ್ಲ, ಎತ್ತಿದರೂ ಹಿಂದೆ ಒಂದು ಬೈಗುಳ ಇಲ್ಲದೆ ಎತ್ತಲಿಲ್ಲ. ಓಣಿಯ ಹೆಂಗಸರಿಗೆ ಮರಿಮೀನು ತಪ್ಪಿದ ಸಿಟ್ಟು, ಓರಗಿತ್ತಿಯರಿಗೆ ಬುಟ್ಟಿ ತಪ್ಪಿದ ಸಿಟ್ಟು, ಗಂಡಸರಿಗೆ ಕಳೆದ ಅಕ್ಟೋಬರಿನ ಸಿಟ್ಟು. ಒಟ್ಟಿನಲ್ಲಿ ಸಿಟ್ಟಿಗೆ ಬರಗಾಲವಿರಲಿಲ್ಲ.

ಅಕ್ಟೋಬರ್ ಎರಡನೇ ವಾರ ತಮ್ಮನ ಬೋಟು ತುಂಬಿ ಬಂತು. ಚೂರಿಯಕ್ಕ ಕಲ್ಲು ತೊಳೆದು, ಚೂರಿ ಮಸೆದು ನಿಂತಿದ್ದಳು. ಆಳುಗಳು ಶಾರ್ಕುಗಳನ್ನು ಹೊತ್ತು ತಂದರು. ಅವಳ ಕಲ್ಲಿನ ಮುಂದೆ ಹಾದರು. ಎರಡನೇ ಕಲ್ಲಿಗೆ ಒಂದು, ಮೂರನೇ ಕಲ್ಲಿಗೆ ಒಂದು, ಮತ್ತೆ ಎರಡನೆಯದಕ್ಕೆ. ದೊಡ್ಡ ಓರಗಿತ್ತಿಗೆ ಕೈ ಸೋತು ಮೀನು ರಾಶಿ ಬಿದ್ದರೂ ಮೊದಲ ಕಲ್ಲಿಗೆ ಒಂದೂ ಬರಲಿಲ್ಲ. ತಮ್ಮ ಬಾಗಿಲಲ್ಲೇ ನಿಂತು, ಲೆಕ್ಕ ಒಪ್ಪಿಸಿಕೊಂಡು, ಒಳಗೆ ನೋಡದೆ ಹೋದ. ಹೀಗೇ ನಾಲ್ಕು ದಿನ. ನಾಲ್ಕು ದಿನವೂ ಅವಳು ಬೆಳಿಗ್ಗೆ ಬಂದು ಒಣಕಲ್ಲು ತೊಳೆದಳು.

ಐದನೇ ದಿನ ಟೇಪಮ್ಮ ಬಂದಳು. ಹಿಂದೆ ಇಬ್ಬರು ಆಳುಗಳು ಒಂದು ಶಾರ್ಕನ್ನು ಹೊತ್ತು ತಂದು ಮೊದಲ ಕಲ್ಲಿನ ಮೇಲೆ ಹಾಕಿದರು. ಹೊಸ ನಿಯಮವಂತೆ. ಪ್ರತಿ ಬೋಟಿನ ಹತ್ತು ಮೀನಿಗೆ ಒಂದನ್ನು ಇಲಾಖೆಯ ಎದುರೇ ಕೊಯ್ದು ಹೊಟ್ಟೆ ನೋಡಬೇಕು, ಶಾರ್ಕು ಇಳಿಯುವ ಎಲ್ಲ ತಿಂಗಳೂ. ಕೂಲಿ ಇಲಾಖೆ ಕೊಡುತ್ತದೆ.

"ನಂಗ್ಯಾಕೆ ತಂದೆ?" ಅಂದಳು ಚೂರಿಯಕ್ಕ. "ಕರುಣೇನಾ?"

"ಅಲ್ಲ. ಉಳಿದವರು ಹೊಟ್ಟೆ ಹರಿದುಹಾಕ್ತಾರೆ, ನೀವು ಚೊಕ್ಕವಾಗಿ ಕೊಯ್ತೀರಿ. ಅಷ್ಟೇ." ಟೇಪಮ್ಮ ಮೀನನ್ನು ಅಳೆದು ಬರೆದುಕೊಂಡಳು. "ಹೂಂ, ಕೊಯ್ಯಿರಿ."

"ಇದು ಗಂಡು. ಒಳಗೆ ಒಂದು ಮರೀನೂ ಇರಲ್ಲ. ನಾನು ಹೇಳ್ತೀನಿ, ಸೊನ್ನೆ ಅಂತ ಬರ್ಕೋ."

ಪೆನ್ನು ಕಾಗದದ ಮೇಲೆ ನಿಂತಿತ್ತು, ಬರೆಯಲಿಲ್ಲ. ಇಡೀ ಬಂದರಿಗೆ ಗೊತ್ತಿದ್ದ ಮಾತು ಅದು, ಟೇಪಮ್ಮನಿಗೂ ಗೊತ್ತಿದ್ದ ಮಾತು. ಗಂಡೋ ಹೆಣ್ಣೋ ಅಂತ ಮೀನಿನ ಹೊರಮೈ ನೋಡಿದರೇ ತಿಳಿಯುತ್ತದೆ.

"ನೀವು ಹೇಳಬೇಡಿ," ಅಂದಳು ಟೇಪಮ್ಮ. "ನೀವು ಬರೀ ಕೊಯ್ಯಿರಿ. ನೋಡೋದು ನಾನು."

ಚೂರಿಯಕ್ಕ ಕೊಯ್ದಳು. ಗಂಟಲಿಂದ ಬಾಲದ ಬುಡದವರೆಗೆ ಒಂದೇ ಗೀರು, ಒಂದು ಹನಿ ಚೆಲ್ಲಲಿಲ್ಲ. ಟೇಪಮ್ಮ ಕೈಗವಸು ಹಾಕಿ, ಬಗ್ಗಿ, ಆ ಗಂಡಿನ ಹೊಟ್ಟೆಯೊಳಗೆ ಮೊಣಕೈವರೆಗೆ ಕೈ ಹಾಕಿ, ಮೂಲೆ ಮೂಲೆ ತಡಕಿ ನೋಡಿದಳು. ಆಮೇಲೆ ಕೈ ತೊಳೆದುಕೊಂಡು ಸೊನ್ನೆ ಅಂತ ಬರೆದಳು.